ಕಲ್ಲಿನ ಬಳೆಗೆ ಗಾಜಿನ ಬಳೆ

ಎರಡು ಸಲ ಹೊಟ್ಟೆಯಲ್ಲಿ ಕೂಸು ನಿಲ್ಲದೆ ಹೋದ ಹೆಣ್ಣಿಗೆ ನಮ್ಮ ಕಡೆ ಸಿಗುವಷ್ಟು ಸಲಹೆ ಇನ್ಯಾರಿಗೂ ಸಿಗುವುದಿಲ್ಲ. ಡೇರಿಗೆ ಹಾಲು ಹಾಕಲು ಹೋದರೆ ಒಬ್ಬರು ಹೇಳುತ್ತಾರೆ, ನಲ್ಲಿ ಹತ್ತಿರ ಕೊಡ ಇಟ್ಟರೆ ಇನ್ನೊಬ್ಬರು. ಮೊದಲೆಲ್ಲ ಸಲಹೆ ಕೊಡುವವರು ಎದುರಿಗೆ ನಿಂತು ಕೊಡುತ್ತಿದ್ದರು. ಈಗ ಫೋನಿನ ಒಳಗೂ ಕುಳಿತಿದ್ದಾರೆ.

ಕುಂತೂರಿನ ಗುರುಬಸಮ್ಮನ ಸೊಸೆ ಮಾಲಿನಿ ಮೂರನೇ ಸಲ ಬಸುರಿ. ಈ ಸಲ ಏಳು ತಿಂಗಳು ತುಂಬಿತ್ತು. ಆಸ್ಪತ್ರೆಗೆ ತಪ್ಪದೆ ಹೋಗಿ ತೋರಿಸಿಕೊಂಡು ಬರುತ್ತಿದ್ದಳು. ಕೂಸು ಚೆನ್ನಾಗಿ ಬೆಳೀತಿದೆ ಎಂದು ಡಾಕ್ಟರಮ್ಮ ಹೇಳಿದ್ದರು. ಆದರೂ ಗುರುಬಸಮ್ಮನಿಗೆ ಜೀವದಲ್ಲಿ ಜೀವ ಇರಲಿಲ್ಲ. ಸೊಸೆ ಹಿತ್ತಿಲಿಗೆ ಹೋದವಳು ಸ್ವಲ್ಪ ತಡ ಮಾಡಿದರೆ ಸಾಕು, ಕೈಯಲ್ಲಿದ್ದ ಮೊರ ಕೆಳಗಿಟ್ಟು ಎದ್ದುಬಿಡುತ್ತಿದ್ದಳು. ನಗುನಗುತ್ತಾ ಬಂದ ಸೊಸೆಯನ್ನು ಕಂಡ ಮೇಲೆ, ಏನೂ ಆಗದವಳ ಹಾಗೆ ಮತ್ತೆ ರಾಗಿ ಕೇರಲು ಕೂರುತ್ತಿದ್ದಳು.

ಒಂದು ಸಂಜೆ ಪಕ್ಕದ ಮನೆಯ ಜ್ಯೋತಿಲಕ್ಷ್ಮಿ ಫೋನ್ ಹಿಡಿದುಕೊಂಡು ಓಡಿಬಂದಳು.

"ಗುರುಬಸಕ್ಕ, ಇಲ್ನೋಡು! ಯಳಂದೂರಿನ ಬಳೇಮಂಟಪ ಕಣಕ್ಕ. ಪಕ್ಕದಲ್ಲೇ ಇಟ್ಕಂಡು ನಮಗೇ ಗೊತ್ತಿಲ್ಲ!"

ಫೋನಿನಲ್ಲಿ ಚೆಂದವಾಗಿ ಸಿಂಗರಿಸಿಕೊಂಡ ಹುಡುಗಿಯೊಬ್ಬಳು ಮಂಟಪದ ಮುಂದೆ ನಿಂತು ಹೇಳುತ್ತಿದ್ದಳು: "ಈ ಕಲ್ಲಿನ ಬಳೆಗೆ ಹಸಿರು ಗಾಜಿನ ಬಳೆ ತೊಡಿಸಿ, ಬಸುರಿ ಹೆಂಗಸು ಅದರ ಕೆಳಗೇ ನಿಂತು ಬೇಡಿಕೊಂಡರೆ ಹೆರಿಗೆ ಸುಸೂತ್ರ. ಇದು ನೂರಾರು ವರ್ಷದ ನಂಬಿಕೆ."

ಗುರುಬಸಮ್ಮ ಕೈಮುಗಿದಳು. ಫೋನಿಗೇ.

ಮಗ ಮಲ್ಲಿಕಾರ್ಜುನಸ್ವಾಮಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಅವನು ನಕ್ಕುಬಿಟ್ಟ. "ಅವ್ವ, ನಾನು ಯಳಂದೂರ್ಗೆ ಎಷ್ಟ್ ಸಲ ಓಗಿವ್ನಿ. ಅಂಥ ಅರಕೆ ಯಾವ್ದೂ ಕೇಳಿಲ್ಲ ಕಣವ್ವ."

"ನೀನು ಓಗಿದ್ದು ಟೀ ಕುಡಿಯಕೆ ಕಣ್ಲಾ. ಒಂದಿನನಾದ್ರೂ ತಲೆ ಎತ್ತಿ ಮಂಟಪ ನೋಡಿದ್ದೀಯಾ?"

ಮಲ್ಲಿಕಾರ್ಜುನಸ್ವಾಮಿ ನಗುತ್ತಲೇ ಒಪ್ಪಿಕೊಂಡ. ಸೋಮವಾರ ಬೆಳಿಗ್ಗೆ ಗೆಳೆಯನ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ. ಮಾಲಿನಿ ಹತ್ತಿ ಕುಳಿತಳು. ಹಿಂದೆಯೇ ಗುರುಬಸಮ್ಮ ಬಂದಳು, ಒಂದು ಕೈಯಲ್ಲಿ ಹಸಿರು ಬಳೆಯ ಪೊಟ್ಟಣ, ಇನ್ನೊಂದರಲ್ಲಿ ನುಗ್ಗೆಕಾಯಿ ಕೀಳುವ ಉದ್ದನೆಯ ದೋಟಿ.

"ಅವ್ವ, ದೇವಸ್ಥಾನಕ್ಕ ಓಯ್ತಿರೋದಾ, ನುಗ್ಗೆಕಾಯಿ ಕೀಳಕಾ?"

"ಕಲ್ಲುಬಳೆ ಮ್ಯಾಲೆ ತೂಗ್ತಾ ಅದೆ. ಕೈಗೆಟುಕ್ದೆ ಇದ್ರೆ ನಿನ್ನ ಎಗಲ ಮ್ಯಾಲೆ ಅತ್ತಿ ನಿಂತ್ಕಳ್ಲಾ? ಸುಮ್ಕೆ ಓಡ್ಸು. ಮೆತ್ತಗೆ ಓಡ್ಸು, ಗುಂಡಿ ನೋಡ್ಕಂಡು."

ಆಟೋದ ಎರಡೂ ಕಡೆ ಇಣುಕುತ್ತಿದ್ದ ದೋಟಿಯನ್ನು ನೋಡಿ ದಾರಿಯುದ್ದಕ್ಕೂ ಜನ ನಕ್ಕರು. ಮಾಲಿನಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆದರೆ ಅತ್ತೆ ತನ್ನ ಬೆನ್ನಿಗೆ ದಿಂಬು ಕೊಟ್ಟು, ಗುಂಡಿ ಬಂದಾಗಲೆಲ್ಲ ತನ್ನ ಹೊಟ್ಟೆಗೆ ಕೈ ಅಡ್ಡ ಇಡುವುದನ್ನು ಕಂಡು ಅವಳ ಕಣ್ಣು ತುಂಬಿತು. ಬೇಡ ಅನ್ನಲು ಬಾಯಿ ಬರಲಿಲ್ಲ.

ಬಳೇಮಂಟಪ ನೋಡಿದ್ದೀರಾ? ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಾಗಿಲಲ್ಲೇ ಇದೆ. ಕಲ್ಲಿನಲ್ಲಿ ಕಡೆದ ಬಳೆಗಳು, ಒಂದರೊಳಗೊಂದು ಕೋದುಕೊಂಡು, ಸರಪಳಿಯಾಗಿ ಮೂಲೆಯಿಂದ ಇಳಿಬಿದ್ದಿವೆ. ಎಲ್ಲೂ ಬೆಸುಗೆ ಇಲ್ಲ. ಬಂಡೆಯ ಒಳಗೆ ಬಳೆ ಮೊದಲೇ ಇತ್ತೇನೋ, ಶಿಲ್ಪಿ ಸುತ್ತಲಿನ ಕಲ್ಲನ್ನು ಸುಮ್ಮನೆ ಸರಿಸಿ ಅದನ್ನು ಎಬ್ಬಿಸಿದನೇನೋ ಅನ್ನಿಸುತ್ತದೆ. ಉಳಿಯ ಒಂದೇ ಒಂದು ಪೆಟ್ಟು ಜೋರಾಗಿ ಬಿದ್ದಿದ್ದರೂ ಸರಪಳಿಯೆಲ್ಲ ವ್ಯರ್ಥವಾಗುತ್ತಿತ್ತು. ಮಾಲಿನಿ ತಲೆಯೆತ್ತಿದವಳು ಹಾಗೇ ನಿಂತುಬಿಟ್ಟಳು.

ಅವತ್ತು ಮಂಟಪದ ಮುಂದೆ ಜನವಿತ್ತು. ಊರಾಚೆಯಿಂದ ಬಂದ ಕಾರುಗಳು ಸಾಲಾಗಿ ನಿಂತಿದ್ದವು. ಒಬ್ಬ ಕಂಬಕ್ಕೆ ಕಾಲು ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದ. ಚಿಪ್ಸ್ ಪೊಟ್ಟಣಗಳು ಗಾಳಿಗೆ ಮೆಟ್ಟಿಲ ಮೇಲೆ ಓಡಾಡುತ್ತಿದ್ದವು. ಬೀದಿಯ ಬದಿಯಲ್ಲಿ ಬಳೆ ಹರಡಿಕೊಂಡು ಕುಳಿತಿದ್ದ ಶಿವಮ್ಮ ಮಾಲಿನಿಯನ್ನು ಕಂಡು ಕರೆದಳು.

"ಬಾ ಬಸುರಮ್ಮ, ಕೈ ತುಂಬ ತೊಟ್ಕೊ ಬಾ."

"ನಮ್ತಾವ ಅವೆ. ಕೊಳ್ಳೇಗಾಲದಿಂದ ತರ್ಸಿವ್ನಿ," ಎಂದಳು ಗುರುಬಸಮ್ಮ.

ಶಿವಮ್ಮನ ಕಣ್ಣು ದೋಟಿಯ ಮೇಲೆ ಬಿತ್ತು. ನಗು ಇಳಿಯಿತು. "ಅಕ್ಕ, ನೀವೂ ಆ ವಿಡಿಯೋ ನೋಡ್ಕಂಡು ಬಂದ್ರಾ? ಬ್ಯಾಡಿ ಕಣಕ್ಕ. ಕಲ್ಲಿಗೆ ಬಳೆ ಸಿಕ್ಕಿಸ್ಬೇಡಿ."

"ಯಾಕೆ? ನಿನ್ ತಾವ ಕೊಳ್ನಿಲ್ಲ ಅಂತ ಒಟ್ಟೆ ಉರಿನಾ?"

"ಅಯ್ಯೋ ಅಕ್ಕ, ಆ ವಿಡಿಯೋ ಬಂದ್ಮೇಲೆ ನನ್ನ ಯಾಪಾರ ಎಂಗಾಗದೆ ಗೊತ್ತಾ? ದೇವರಾಣೆ, ಅಷ್ಟು ಚೆನ್ನಾಗಾಗದೆ. ಆ ಉಡ್ಗಿ ಏಳಿದ್ದೇ ನಿಜ ಅಂದ್ಬುಟ್ರೆ ನನಗೇ ಲಾಭ. ಆದ್ರೆ ನಮ್ಮಜ್ಜಿ ಇದೇ ಬೀದೀಲಿ ಬಳೆ ಮಾರ್ದೋಳು. ನಮ್ಮವ್ವ ಮಾರ್ದೋಳು. ಇಂಥ ಅರಕೆ ನಾವ್ಯಾರೂ ಕೇಳಿಲ್ಲ."

"ನೀನು ಕೇಳ್ದೇ ಇದ್ರೆ ಇಲ್ಲ ಅಂತಲಾ?"

"ಕಲ್ಲು ಗಟ್ಟಿ ಅಂತ ನೀವು ಅನ್ಕತೀರಿ. ಆ ಬಳೆ ಎಷ್ಟು ತೆಳ್ಳಗದೆ ನೋಡಿ. ಒಬ್ಬೊಬ್ಬರೂ ಒಂದೊಂದ್ಸಲ ಎಳೆದ್ರೆ ತಡೀತದಾ?"

"ನಾನೊಬ್ಳು ಒಂದ್ಸಲ ಮುಟ್ಟಿದ್ರೆ ಏನಾದದು?"

"ಬಂದೋರೆಲ್ಲ ಇದೇ ಮಾತು ಆಡ್ತಾರೆ ಅಕ್ಕ."

ಗುರುಬಸಮ್ಮನಿಗೆ ಅದು ಕೇಳಲಿಲ್ಲ. ಕೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚಪ್ಪಲಿ ಬಿಡಿಸಿ, ಸೊಸೆಯನ್ನು ಸರಪಳಿಯ ನೇರಕ್ಕೆ ನಿಲ್ಲಿಸಿದಳು. "ಕಣ್ಮುಚ್ಚಿ ಬೇಡ್ಕೊ ಮಗ," ಎಂದಳು. ದೋಟಿಯ ಕೊಕ್ಕೆಗೆ ಹಸಿರು ಬಳೆ ಸಿಕ್ಕಿಸಿ ಮೇಲಕ್ಕೆತ್ತಿದಳು. ಉದ್ದನೆಯ ದೋಟಿ ಭಾರಕ್ಕೆ ವಾಲಿತು. ಯಾರೋ ಮೊದಲೇ ಅಲ್ಲಿ ಸಿಕ್ಕಿಸಿ ಹೋಗಿದ್ದ ಗಾಜಿನ ಬಳೆಗಳಿಗೆ ಕೊಕ್ಕೆ ತಗುಲಿ ಅವು ಛಳ್ ಎಂದು ಒಡೆದವು.

ಚೂರುಗಳು ಮಾಲಿನಿಯ ಮೇಲೆ ಸುರಿದವು.

ಅವಳು ಎರಡು ಕೈಯಲ್ಲೂ ಹೊಟ್ಟೆ ಮುಚ್ಚಿಕೊಂಡು ಬಾಗಿದಳು. "ಅತ್ತೆ!"

ದೋಟಿ ಕೆಳಗೆ ಬಿತ್ತು. ಮಲ್ಲಿಕಾರ್ಜುನಸ್ವಾಮಿ ಹೆಂಡತಿಯ ಕಡೆ ನುಗ್ಗಿದ. ಶಿವಮ್ಮ ಕೂಗಿದಳು: "ಅಲ್ಲಾಡ್ಬೇಡವ್ವ! ಬರಿಗಾಲು! ಸುತ್ತ ಗಾಜದೆ!"

ಆಮೇಲೆ ಗುರುಬಸಮ್ಮ ಮಾಡಿದ್ದನ್ನು ನೋಡಿ ಫೋಟೋ ತೆಗೆಯುತ್ತಿದ್ದವರೂ ಫೋನ್ ಇಳಿಸಿದರು. ಆಕೆ ನೆಲಕ್ಕೆ ಮಂಡಿಯೂರಿದಳು. ತನ್ನ ಸೆರಗಿನಿಂದಲೇ ಗಾಜು ಸರಿಸುತ್ತಾ, ಸೊಸೆಯ ಒಂದೊಂದು ಹೆಜ್ಜೆಗೂ ಜಾಗ ಮಾಡುತ್ತಾ ಹಿಂದಕ್ಕೆ ಹಿಂದಕ್ಕೆ ಜರುಗಿದಳು. "ಇಲ್ಲಿಕ್ಕು ಕಾಲ. ಈಗ ಇಲ್ಲಿ. ಮೆತ್ತಗೆ ಮಗ." ಸರಿಸಿದಷ್ಟೂ ಗಾಜು ಸಿಗುತ್ತಿತ್ತು. ಹಸಿರು, ಕೆಂಪು, ಹಳದಿ. ಅಲ್ಲಿ ಇದ್ದದ್ದು ಅವತ್ತಿನ ಚೂರು ಮಾತ್ರವಲ್ಲ. ಎಷ್ಟೋ ಜನರ ಬೇಡಿಕೆ ಒಡೆದು ಚಪ್ಪಡಿಯ ಸಂದಿನಲ್ಲಿ ಸೇರಿಕೊಂಡಿತ್ತು.

ಶಿವಮ್ಮ ತನ್ನ ಮಣೆಯ ಮೇಲೆ ಮಾಲಿನಿಯನ್ನು ಕೂರಿಸಿ ನೀರು ಕೊಟ್ಟಳು. ಮುಂಗೈ ಮೇಲೆ ಒಂದು ಸಣ್ಣ ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಗುರುಬಸಮ್ಮ ಅವಳ ಕೂದಲಿನಿಂದ ಚೂರು ಹೆಕ್ಕುತ್ತಾ ಅಳುತ್ತಿದ್ದಳು.

"ಇವತ್ತು ಬಿದ್ದಿದ್ದು ಗಾಜು," ಎಂದಳು ಶಿವಮ್ಮ ಮೆಲ್ಲಗೆ. "ಕಲ್ಲೇ ಬಿದ್ದಿದ್ರೆ?"

"ನಾನೇ ಅಲ್ವಾ ಅವಳ್ನ ಅದರ ಕೆಳಗೆ ನಿಲ್ಸಿದ್ದು..."

"ಈ ಬೀದಿ ಮಕ್ಕಳು ಇಲ್ಲೇ ಆಡ್ಕತವೆ ಅಕ್ಕ. ಕಾಲು ಕುಯ್ಕಂಡು ಬತ್ತವೆ. ನಿಮ್ಮಂಗೆ ಜನ ಬರ್ಲಿ, ನಾವು ಬ್ಯಾಡ ಅನ್ನಲ್ಲ. ಬಂದ್ರೆ ಆಟೋದೋನ್ಗೂ ಕೆಲ್ಸ, ಎಳನೀರೋನ್ಗೂ ಕೆಲ್ಸ, ನನಗೂ ಯಾಪಾರ. ಆದ್ರೆ ಎಲ್ರೂ ಬಂದು ಎಳೆದು ಎಳೆದು, ನಾಳೆ ಮಂಟಪದಲ್ಲಿ ಬಳೇನೇ ಇಲ್ಲ ಅಂದ್ರೆ ಯಾರು ಬತ್ತಾರೆ? ಕಡೆದೋರ್ನ ಎಲ್ಲಿಂದ ಕರ್ಸದು?"

ಗುರುಬಸಮ್ಮ ಕಣ್ಣು ಒರೆಸಿಕೊಂಡಳು. ಆದರೂ ಎದೆಯೊಳಗಿನ ಮುಳ್ಳು ಹಾಗೇ ಇತ್ತು. ಕೊನೆಗೆ ಅದನ್ನು ಆಡಿಯೇಬಿಟ್ಟಳು. "ಅರಕೆ ಅರ್ಧಕ್ಕೆ ನಿಂತೋಯ್ತಲ್ಲವ್ವ. ಇದರಿಂದ ಮೊಗಕ್ಕೆ ಏನಾದ್ರೂ ಆದ್ರೆ?"

ಶಿವಮ್ಮ ಅವಳ ಕೈ ಹಿಡಿದುಕೊಂಡಳು. "ಅಂಥ ಅರಕೆನೇ ಇರ್ಲಿಲ್ವಲ್ಲ ಅಕ್ಕ. ಇಲ್ದೇ ಇರೋದು ಅರ್ಧಕ್ಕೆ ಎಂಗೆ ನಿಂತದು?"

ಮಾಲಿನಿ ಅತ್ತೆಯ ಮಡಿಲಲ್ಲಿದ್ದ ಪೊಟ್ಟಣ ತೆಗೆದು ಶಿವಮ್ಮನಿಗೆ ಕೊಟ್ಟಳು. "ಅತ್ತೆ, ಏಳು ತಿಂಗಳಲ್ಲಿ ಬಸುರಿಗೆ ಬಳೆ ತೊಡ್ಸೋದು ಯಾಕೆ ಅಂತ ನಮ್ಮಜ್ಜಿ ಏಳ್ತಿತ್ತು. ಒಳಗಿರೋ ಮೊಗಕ್ಕೆ ಮೊದಲು ಕೇಳೋದು ಅವ್ವನ ಬಳೆ ಸದ್ದಂತೆ. ಆ ಕಲ್ಲಿಗೆ ತೊಡ್ಸಿದ್ರೆ ನನ್ನ ಮೊಗ ಎಂಗೆ ಕೇಳ್ತದೆ?"

ಶಿವಮ್ಮ ಮಾಲಿನಿಯ ಕೈಯನ್ನು ಮೆತ್ತಗೆ ಒತ್ತಿ, ಬೆರಳು ಕೂಡಿಸಿ, ಒಂದೊಂದೇ ಬಳೆ ಏರಿಸಿದಳು. ಒಂದೂ ಒಡೆಯಲಿಲ್ಲ. ಎರಡು ಕೈ ತುಂಬಿದ ಮೇಲೆ ಮಾಲಿನಿ ಹೊಟ್ಟೆಯ ಹತ್ತಿರ ಬಳೆ ಆಡಿಸಿದಳು. ಆಮೇಲೆ ಅತ್ತೆಯ ಒರಟು ಅಂಗೈಯನ್ನು ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು.

ಅಂಗೈ ಕೆಳಗೆ ಕೂಸು ಒದ್ದಿತು.

"ಲೇ ಸ್ವಾಮಿ," ಎಂದಳು ಮಗನಿಗೆ, ಅಳುತ್ತಲೋ ನಗುತ್ತಲೋ. "ನಿನ್ ಮೊಗ ನನಗೇ ಒದೀತಲ್ಲಾ!"

"ದೋಟಿ ತಂದಿದ್ಕೆ ಕಣವ್ವ," ಎಂದ ಅವನು.

ಅಷ್ಟರಲ್ಲಿ ಇನ್ನೊಂದು ಕಾರು ಬಂದು ನಿಂತಿತು. ಇಳಿದ ಹೆಂಗಸಿನ ಕೈಯಲ್ಲಿ ಹಸಿರು ಬಳೆ. ಕಣ್ಣು ಮಂಟಪದ ಮೂಲೆಯ ಕಡೆ. ಶಿವಮ್ಮ ಬಾಯಿ ತೆರೆಯುವ ಮೊದಲೇ ಗುರುಬಸಮ್ಮ ಎದ್ದಳು.

"ಬಾರವ್ವ ಇಲ್ಲಿ. ಆ ಕಲ್ಲು ಆಗ್ಲೇ ಬಳೆ ತೊಟ್ಕಂಡದೆ. ನೀನು ನಿನ್ನ ಕೈಗೆ ತೊಟ್ಕೊ. ಬಾ, ಇಲ್ಲಿ ಗಾಜದೆ, ನೋಡ್ಕಂಡು ಕಾಲಿಡು."

ಮಾಲಿನಿಗೆ ಈಗ ಹೆಣ್ಣು ಕೂಸು. ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಓದುತ್ತಿರುವ ಅಕ್ಕ, ಅಣ್ಣ, ಈ ಕಥೆಯನ್ನು ಮಹಿಳಾ ಸಂಘದಲ್ಲಿ ಕೇಳುತ್ತಿರುವ ಅವ್ವಂದಿರೇ, ಬಳೇಮಂಟಪ ನೋಡಲು ಖಂಡಿತ ಬನ್ನಿ. ಮಕ್ಕಳನ್ನೂ ಕರೆತನ್ನಿ. ತಲೆಯೆತ್ತಿ ಸಮಾಧಾನವಾಗಿ ನೋಡಿ. ಆದರೆ ಸರಪಳಿಯನ್ನು ಎಳೆಯಬೇಡಿ, ಅದಕ್ಕೆ ಬಳೆ, ದಾರ, ಎಣ್ಣೆ, ಅರಿಸಿನ ಏನೂ ಬೇಡ. ಕಂಬದ ಮೇಲೆ ಹೆಸರು ಕೆತ್ತಬೇಡಿ. ತಂದ ಕವರು, ಬಾಟಲಿ ನಿಮ್ಮ ಚೀಲದಲ್ಲೇ ವಾಪಸು ಹೋಗಲಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಕಾನೂನಿನಲ್ಲಿ ಶಿಕ್ಷೆಯೂ ಇದೆ. ಫೋನಿನಲ್ಲಿ ಹೊಸದೊಂದು ಹರಕೆ ಕಂಡರೆ, ಹೊರಡುವ ಮೊದಲು ಆ ಊರಿನ ಹಿರಿಯರನ್ನು ಒಂದು ಮಾತು ಕೇಳಿ. ಸುಳ್ಳೆಂದು ಗೊತ್ತಾದರೆ ಇನ್ನೊಬ್ಬರಿಗೆ ಕಳಿಸಬೇಡಿ. ಬಸುರಿಯ ಬಗ್ಗೆ ಭಯವಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಾವೊಬ್ಬರು ಮುಟ್ಟಿದರೆ ಏನಾಗುತ್ತದೆ ಎಂದು ಅಲ್ಲಿ ನಿಂತಾಗ ನಿಮಗೂ ಅನ್ನಿಸಬಹುದು. ಆಗ ಕೈಯನ್ನು ಹಿಂದಕ್ಕೆ ತೆಗೆದು, ಪಕ್ಕದಲ್ಲಿರುವ ಮಗುವನ್ನು ಎತ್ತಿಕೊಂಡು ತೋರಿಸಿ. ಅದು ದೊಡ್ಡದಾಗಿ ತನ್ನ ಮಗುವನ್ನು ಎತ್ತಿಕೊಂಡು ಬಂದಾಗಲೂ ಬಳೆ ಅಲ್ಲೇ ತೂಗುತ್ತಿರಲಿ.