ದೂರ ಒಂಟ್ರಾ?

ಶಾಗ್ಯಕ್ಕೆ ಬಸ್ಸು ಬಿಡಬೇಕೋ ಬೇಡವೋ ಎಂದು ನೋಡಿಕೊಂಡು ಬರಲು ಸಾರಿಗೆ ಸಂಸ್ಥೆಯವರು ಗುರುಪಾದಸ್ವಾಮಿಯನ್ನು ಮೂರು ದಿನದ ಮಟ್ಟಿಗೆ ಕಳಿಸಿದ್ದರು. ತೀರ್ಮಾನ ಅವನದಲ್ಲ. ಊರ ಬಾಗಿಲಿನ ಹುಣಸೆಮರದ ಕೆಳಗೆ ಕೂತು, ಹೊರಗೆ ಹೋಗುವವರನ್ನು ನಿಲ್ಲಿಸಿ, ಹೆಸರು, ಹೋಗುವ ಊರು, ಹೋಗುವ ಕೆಲಸ ಇಷ್ಟನ್ನು ಫಾರಂನಲ್ಲಿ ತುಂಬುವುದಷ್ಟೇ ಅವನ ಪಾಲಿನದು. ದಿನಕ್ಕೆ ನಲವತ್ತು ಜನ ಸಿಕ್ಕರೆ ಕೊಳ್ಳೇಗಾಲದಿಂದ ಮಧುವನಹಳ್ಳಿ, ಹನೂರು ಹಾದು ಶಾಗ್ಯಕ್ಕೆ ಒಂದು ಬಸ್ಸು. ಸಿಗದಿದ್ದರೆ ಇಲ್ಲ. ಇದು 1968ರ ಮಾತು. ಅವನು ಯಳಂದೂರಿನವನು. ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದು ಮುಗಿಸಿ, ಖಾಯಂ ಕೆಲಸಕ್ಕೆ ಕಾಯುತ್ತಿದ್ದ.

ಮೊದಲ ದಿನ ಬೆಳಗ್ಗೆ ಮೊದಲು ಬಂದವಳು ಕೆಂಪಾಜಮ್ಮ. ಅರವತ್ತರ ಹತ್ತಿರದ ಹೆಂಗಸು. ಕೈಯಲ್ಲಿ ಕೋಲು, ಸೆರಗಿನ ಗಂಟಿನಲ್ಲಿ ಹುಣಸೆಕಾಯಿ. ಬಲಗಾಲು ಎಳೆದುಕೊಂಡು ನಡೆಯುತ್ತಿದ್ದಳು.

"ಎಲ್ಲಿಗಮ್ಮಾ?" ಎಂದ ಗುರುಪಾದಸ್ವಾಮಿ.

ಕೆಂಪಾಜಮ್ಮ ನಿಂತಳು. ಅವನನ್ನು ಮೇಲಿಂದ ಕೆಳಗೆ ನೋಡಿದಳು. ತಿರುಗಿ ಮನೆಗೆ ನಡೆದಳು.

ಆಮೇಲೆ ಬಂದವರೂ ಹಾಗೇ ಮಾಡಿದರು. ಒಬ್ಬ ಹಿಂದಕ್ಕೆ ಹೋಗಿ ಜಗಲಿಯ ಮೇಲೆ ಕೂತು ನೀರು ತರಿಸಿಕೊಂಡು ಕುಡಿದ. ಹತ್ತು ಗಂಟೆಯ ಹೊತ್ತಿಗೆ ಮರದ ಕಡೆ ಯಾರೂ ಬರದಂತಾಯಿತು. ಗುರುಪಾದಸ್ವಾಮಿ ಎದ್ದು ನಿಂತು ನೋಡಿದರೆ ಊರ ಹಿಂದಿನ ಹೊಲದ ಬದುವಿನ ಮೇಲೆ ಜನ ಸಾಲಾಗಿ ಹನೂರಿನ ದಿಕ್ಕಿಗೆ ಹೋಗುತ್ತಿದ್ದರು. ಫಾರಂ ಖಾಲಿ ಇತ್ತು.

ಕಾರಣ ಅವನಿಗೆ ಗೊತ್ತಿಲ್ಲದ್ದೇನಲ್ಲ. ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು ಎಂದು ಅವನ ಅಜ್ಜಿಯೂ ಗದರಿಸಿದ್ದಳು. ಆದರೆ ಅದು ಅಜ್ಜಿಯರ ವಿಷಯ, ಸರ್ಕಾರದ ಪ್ರಶ್ನೆಗೆ ಅನ್ವಯಿಸುವುದಿಲ್ಲ ಎಂದು ಅವನು ತಿಳಿದಿದ್ದ.

ಮಧ್ಯಾಹ್ನ ಕೆಂಪಾಜಮ್ಮ ಒಂದು ಚೊಂಬು ಮಜ್ಜಿಗೆ ತಂದು ಅವನ ಮುಂದಿಟ್ಟಳು.

"ಬೇಡಮ್ಮ, ಆಯ್ತು ನಂದು" ಎಂದ.

ಯಾವ ಜಾತಿಯವರ ಮನೆಯದನ್ನು ಯಾರು ಕುಡಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳು ಚೊಂಬನ್ನು ಪಕ್ಕಕ್ಕೆ ಸರಿಸಿ ಅಲ್ಲೇ ಕೂತಳು.

"ಒಂಟೋರ್ನ ಎಲ್ಲಿಗೆ ಅಂತ ಕೇಳ್ಬಾರ್ದು ಅಂತ ನಿಮ್ಮವ್ವ ಏಳ್ಕೊಟ್ಟಿಲ್ವಾ ಸಾ?"

"ಫಾರಂನಲ್ಲಿ ಹಂಗೇ ಅದೆ ಕಣಮ್ಮ."

"ಫಾರಂಗೆ ಅವ್ವ ಇಲ್ಲ ಬುಡಿ. ನಿಮಗೆ ಅವ್ವ ಅವ್ಳಲ್ಲ."

"ಅಲ್ಲಮ್ಮ, ಹನೂರಲ್ಲಿ ಬಸ್ ಹತ್ತಿದ್ರೆ ಕಂಡಕ್ಟರ್ ಎಲ್ಲಿಗೆ ಅಂತಾನಲ್ಲ. ಇಳಿದು ವಾಪಸ್ ಬಂದ್ಬುಡ್ತೀರಾ?"

"ಅನೂರ್ಗೆ ಓಗೋವತ್ಗೆ ಅರ್ಧ ದಾರಿ ಸವ್ದಿರ್ತದೆ. ಊರ್ ಬಾಗ್ಲಲ್ಲಿ ಕೇಳುದ್ರೆ ಓದ್ ಕೆಲ್ಸ ಕೆಡ್ತದೆ." ಮಂಡಿಯನ್ನು ಎರಡೂ ಕೈಯಲ್ಲಿ ಒತ್ತಿಕೊಂಡು ಹೇಳಿದಳು. "ನಮ್ ಮಗಳು ಶಂಕರಮ್ಮುನ್ನ ಮಧುವನಳ್ಳಿಗೆ ಕೊಟ್ಟಿವ್ನಿ. ಆರ್ ತಿಂಗ್ಳು ಬಸುರಿ. ನೋಡಿ ಒಂದ್ ವರ್ಸ ಆಯ್ತು. ಈ ಮಂಡೀಲಿ ಅನೂರ್ಗಂಟ ಎರಡ್ ಗಂಟೆ ನಡೀಬೇಕು. ಇವತ್ತು ದೈರ್ಯ ಮಾಡಿ ಒಂಟೆ, ನೀವ್ ಕೇಳುದ್ರಿ."

ಗುರುಪಾದಸ್ವಾಮಿ ಖಾಲಿ ಫಾರಂ ತಿರುವಿಹಾಕಿದ.

"ಬಸುರಿ ಎಂಗ್ಸುನ್ನ ಈ ಅಳ್ಳದಲ್ಲಿ ಎತ್ತಿನ್ ಗಾಡೀಲಿ ಕರ್ಕಬರಕಾಯ್ತದಾ? ಬಸ್ ಬಂದ್ರೆ ಅವ್ಳು ನಮ್ಮನೆಗ್ ಬತ್ತಾಳೆ. ನಿಮ್ಮ ಕೈಲದೆ."

"ನನ್ನ ಕೈಲಿ ಏನೂ ಇಲ್ಲ. ಫಾರಂ ತುಂಬಬೇಕು ಅಷ್ಟೆ."

"ತುಂಬಿ ಮತ್ತೆ" ಎಂದು ಕೋಲೂರಿ ಎದ್ದಳು.

ಎರಡನೆಯ ದಿನ ಗುರುಪಾದಸ್ವಾಮಿ ಊರಿನ ರೀತಿಯಲ್ಲೇ ಕೇಳಿದ. "ದೂರ ಒಂಟ್ರಾ?"

"ಊಂ ಕಣ್ರಿ, ದೂರ" ಎಂದರು ಎಲ್ಲರೂ. ನಿಂತು, ನಕ್ಕು, ಹೆಸರು ಹೇಳಿ ಹೋದರು. ಅದಕ್ಕಿಂತ ಹೆಚ್ಚು ಕೇಳುವಂತಿರಲಿಲ್ಲ. ಐವತ್ತೆರಡು ಜನರಾದರು.

ಸಂಜೆ ಹನೂರಿನಿಂದ ಮೇಲ್ವಿಚಾರಕರು ಸೈಕಲ್ಲಿನಲ್ಲಿ ಬಂದರು. ಫಾರಂ ತೆಗೆದುಕೊಂಡು ಓದಿದರು.

"ದೂರ, ದೂರ, ದೂರ. ಇದ್ಯಾವ ಊರಯ್ಯ? ಮ್ಯಾಪಿನಲ್ಲಿ ತೋರ್ಸು."

"ಜನ ಹಂಗೇ ಹೇಳೋದು ಸಾರ್."

"ಬಸ್ಸಿನ ಹಣೆಗೆ ದೂರ ಅಂತ ಬೋರ್ಡು ಹಾಕ್ಲಾ?" ಹಾಳೆ ಮಡಚಿ ಹರಿದರು. "ನಾಳೆ ಒಂದೇ ದಿನ. ನಾಳೆಗೂ ಇದೇ ಪಾಡಾದ್ರೆ ಪ್ರಯಾಣಿಕರಿಲ್ಲ ಅಂತ ಬರೆದು ಕಳಿಸ್ತೀನಿ."

ಕೆಂಪಾಜಮ್ಮ ತನ್ನ ಜಗಲಿಯಿಂದಲೇ ಎಲ್ಲವನ್ನೂ ನೋಡುತ್ತಿದ್ದಳು. ಸೈಕಲ್ಲು ಮರೆಯಾದ ಮೇಲೆ ಬಂದಳು.

"ನಮ್ಮೂರು ಕೊಯಮತ್ತೂರಿಗೆ ಸೇರಿದ್ ಕಾಲ್ದಲ್ಲೂ ಒಬ್ಬ ಬಂದಿದ್ದ ಇಂಗೆ ಕೇಳಕ್ಕೆ. ತಮಿಳ್ನಲ್ಲಿ ಕೇಳ್ದ. ನಾವು ತಮಿಳ್ನಲ್ಲೇ ಇಂದುಕ್ ಬಂದು ನೀರ್ ಕುಡುದ್ವಿ."

ಗುರುಪಾದಸ್ವಾಮಿಗೆ ನಗು ಬಂತು. ಎರಡು ದಿನದಲ್ಲಿ ಮೊದಲ ಸಲ.

"ನಗಾಡು. ಓಗೋರ್ನ ಯಾಕ್ ಕೇಳೀಯೆ? ಬರೋರ್ನ ಕೇಳು. ಎಲ್ಲಿಂದ ಬಂದ್ರಿ ಅನ್ನು. ಸಾಕು ಅನ್ನೋಗಂಟ ಏಳ್ತಾರೆ."

"ಫಾರಂನಲ್ಲಿ ಹೋಗುವವರು ಅಂತ ಅದೆ."

"ಓಗ್ದೆಲೆ ಬಂದ್ಬುಟ್ರಾ ಮಗಾ ಅವರು?"

ಇಷ್ಟು ಸುಲಭದ್ದು ತನಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಸಿಟ್ಟು ಬಂತು.

ಮೂರನೆಯ ದಿನ ಮಧ್ಯಾಹ್ನದಿಂದ ಕೂತ. ಕೆಂಪಾಜಮ್ಮ ಹೇಳಿದಂತೆಯೇ ಆಯಿತು. ಬರುವವರಿಗೆ ಅಪಶಕುನದ ಭಯವಿರಲಿಲ್ಲ, ಅವಸರವೂ ಇರಲಿಲ್ಲ. ನಿಂಗಯ್ಯ ಹನೂರಿನಿಂದ ಎತ್ತಿಗೆ ಲಾಳ ತಂದ ಕಥೆಯನ್ನು ಕಾಲು ಗಂಟೆ ಹೇಳಿದ. ದೊಡ್ಡಮಾದಯ್ಯ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಹಲ್ಲು ಕೀಳಿಸಿಕೊಂಡು ಬಂದಿದ್ದ. ಬಾಯಿ ತೆರೆದು ಜಾಗ ತೋರಿಸಿದ. ಗುರುಪಾದಸ್ವಾಮಿ ಕೆಲಸದ ಕಾಲಮ್ಮಿನಲ್ಲಿ 'ಹಲ್ಲು' ಎಂದು ಬರೆದ. ಐದು ಗಂಟೆಗೆ ನಲವತ್ತು ದಾಟಿತು. ಹೊತ್ತು ಮುಳುಗುವಾಗ ಐವತ್ತೇಳು.

ಕಾಗದ ಕಟ್ಟುತ್ತಿದ್ದಾಗ ದಾರಿಯಲ್ಲಿ ಕೆಂಪಾಜಮ್ಮ ಬರುವುದು ಕಾಣಿಸಿತು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಕೋಳಿ ಕೂಗುವ ಮೊದಲೇ, ಯಾರೂ ಏನೂ ಕೇಳುವ ಮೊದಲೇ ಹೊರಟುಬಿಟ್ಟಿದ್ದಳು.

ಮರದ ಕೆಳಗೆ ಬಂದು ನಿಂತು, "ಕೇಳು" ಎಂದಳು.

"ಎಲ್ಲಿಂದ ಬಂದ್ರಮ್ಮ?"

"ಮಧುವನಳ್ಳಿಯಿಂದ. ಮಗಳ್ ಮನೆಯಿಂದ. ಉಣಸೆಕಾಯ್ ಕೊಟ್ಟೆ. ಅವಳ್ಗೂ ಕಾಲ್ ಊದ್ಕಂಡವೆ. ನಾನ್ ಒಂಟೇಟ್ಗೆ ಒಳೀಕ್ ಓಗ್ಬುಟ್ಳು, ಅಳಾದ್ ಕಾಣ್ಬಾರ್ದು ಅಂತ. ಬರ್ಕೊ."

ಅವನು ಬರೆದುಕೊಂಡ. ಅಳು ಬರೆಯಲು ಕಾಲಂ ಇರಲಿಲ್ಲ.

"ನಲವತ್ತು ಆಗ್ಲೇ ಆಗಿತ್ತು ಕಣಮ್ಮ. ಈ ಮಂಡೀಲಿ ನೀವು ನಡೀಬೇಕಾಗಿರ್ಲಿಲ್ಲ."

"ನಿನ್ ಲೆಕ್ಕುಕ್ ನಡುದ್ನಾ ನಾನು?"

ಅವಳು ಬೇರಿನ ಮೇಲೆ ಕೂತು ಕಾಲು ನೀಡಿದಳು.

"ಮಜ್ಜಿಗೆ ಅದಾ ಮನೇಲಿ?" ಎಂದು ಗುರುಪಾದಸ್ವಾಮಿ ಕೇಳಿದ.

ಬಸ್ಸು ಎರಡು ತಿಂಗಳಲ್ಲಿ ಬರುತ್ತದೆಂದು ಹೇಳಿದ್ದರು. ಬಂದದ್ದು ಒಂಬತ್ತು ತಿಂಗಳ ಮೇಲೆ. ಹೆರಿಗೆ ಮಧುವನಹಳ್ಳಿಯಲ್ಲೇ ಆಗಿಹೋಗಿತ್ತು. ಕೆಂಪಾಜಮ್ಮ ಇನ್ನೊಂದು ಸಲ ನಡೆದೇ ಹೋಗಿ ಬಂದಿದ್ದಳು. ಮಗುವಿಗೆ ಆಗಲೇ ಆರು ತಿಂಗಳು. ಅದು ಇನ್ನೂ ಅಜ್ಜಿಯ ಮನೆ ನೋಡಿರಲಿಲ್ಲ.

ಮೊದಲ ಬಸ್ಸಿನಲ್ಲಿ ಗುರುಪಾದಸ್ವಾಮಿಯೂ ಬಂದ. ಅವನಿಗೆ ಇನ್ನೂ ಖಾಯಂ ಕೆಲಸ ಸಿಕ್ಕಿರಲಿಲ್ಲ, ಬರಲು ಬೇರೆ ಕಾರಣವೂ ಇರಲಿಲ್ಲ. ದಾರಿಯುದ್ದಕ್ಕೂ ಕಂಡಕ್ಟರ್ ಮಹದೇವುಗೆ ಒಂದೇ ಮಾತು ಹೇಳುತ್ತಿದ್ದ: ಶಾಗ್ಯದಲ್ಲಿ ಹತ್ತುವವರನ್ನು ಎಲ್ಲಿಗೆ ಎಂದು ಕೇಳಬೇಡಿ.

"ಕೇಳ್ದೆಲೆ ಟಿಕೆಟ್ ಎಂಗ್ರೀ ಅರೀಲಿ? ಮಖ ನೋಡಿ ಅರೀಲಾ?" ಎಂದಿದ್ದ ಮಹದೇವು.

ಹುಣಸೆಮರದ ಕೆಳಗೆ ಬಸ್ಸು ತಿರುಗಿ ನಿಂತಿತು. ಮೊದಲು ಹತ್ತಿದವಳು ಕೆಂಪಾಜಮ್ಮ. ಇಳಿದು ನಿಂತಿದ್ದ ಗುರುಪಾದಸ್ವಾಮಿಯನ್ನು ಕಂಡು, "ಮಜ್ಜಿಗೆ ನಡುಮನೇಲದೆ, ಓಗಿ ಕುಡ್ಕೊ" ಎಂದು ಹೇಳಿ ಮುಂದಿನ ಸೀಟಿನಲ್ಲಿ ಕೂತಳು. ಮಹದೇವು ಚೀಟಿಯ ಕಟ್ಟು ಹಿಡಿದು ಬಾಯಿ ತೆರೆದ.

"ಮಧುವನಳ್ಳಿ ಒಂದು" ಎಂದಳು ಕೆಂಪಾಜಮ್ಮ. "ನೀನ್ ಬಾಯ್ ಬುಡ್ಬೇಡ."

ಹಿಂದೆ ಹತ್ತಿದವರೂ ಪಾಠ ಕಲಿತರು. ಅನೂರು ಎರಡು. ಕೊಳ್ಳೇಗಾಲ ಒಂದು. ಮಹದೇವು ಮಾತಿಲ್ಲದೆ ಹರಿದುಕೊಡುತ್ತಾ ಹೋದ.

ಬಸ್ಸು ಹೊರಟಾಗ ಕೆಂಪಾಜಮ್ಮ ಕಿಟಕಿಯಿಂದ ಗುರುಪಾದಸ್ವಾಮಿಯನ್ನು ಕರೆದಳು.

"ಲೋ ಮಗಾ, ಸಂಜೆ ಮೂರ್ ಜನ ಬತ್ತೀವಿ. ಒಂದು ಕೈಕೂಸು. ಆಗ ಏನ್ ಬೇಕಾರೂ ಕೇಳು, ಏಳ್ತೀನಿ."