ಕದಲದ ಮಿಷನ್ನು

ಮತ್ತೆ ಹೊರಟಿತು ನೋಡು ಬಟ್ಟೆ ಒಗೆಯುವ ಮಿಷನ್ನು, ಗುಡುಗುಡು ಗುಡುಗುಡು ಎನ್ನುತ್ತ ಬಾಗಿಲ ಕಡೆಗೇ, ನೀರಿನ ಪೈಪು ಬಿಗಿದು ಇನ್ನು ಬರಲಾರೆ ಎನ್ನುವವರೆಗೆ — ಸ್ವಿಚ್ಚು ಆರಿಸಿದೆ, ನಿಂತಿತು, ಮೂತಿಯನ್ನು ನನ್ನ ಮೊಣಕಾಲಿಗೆ ತಾಗಿಸಿಕೊಂಡು, ಒಳಗೆ ಡ್ರಮ್ಮು ಇನ್ನೂ ಸುತ್ತುತ್ತ, ನಿಧಾನವಾಗುತ್ತ, ಬಲಗಡೆ ಮೇಲಂಚಿನಲ್ಲಿ ಅಂಗೈಯಗಲ ಬಣ್ಣ ಮಾಸಿದೆ, ಸೋಪಿನ ನೀರು ಚೆಲ್ಲಿ ಹಾಗಾಗಿರಬೇಕು, ಇರಲಿ, ಯಾರ ಹತ್ತಿರ ಆಟ ಆಡುತ್ತಿದ್ದೀಯ ಮಗನೇ, ನಾನು ಯಾರು ಗೊತ್ತೇನು, ಫೋನಿನಲ್ಲಿ ಸದ್ದು ಕೇಳಿಸಿದರೆ ಸಾಕು, ಬೆಲ್ಟೋ ಬೇರಿಂಗೋ ಹೇಳಿಬಿಡುವವನು, ಈ ಊರಿನಲ್ಲಿ ಯಾವನಾದರೂ ಬಿಳಿ ಅಂಗಿ ತೊಟ್ಟು ತಿರುಗುತ್ತಿದ್ದರೆ ಅದು ನನ್ನ ದಯೆ, ಕೆಟ್ಟು ಕೂತ ಮಿಷನ್ನುಗಳು ಮೆಟ್ಟಿಲ ಮೇಲೆ ನನ್ನ ಚಪ್ಪಲಿಯ ಸದ್ದು ಕೇಳಿಯೇ ಬೆದರಿ ಓಡತೊಡಗಿದ್ದುಂಟು, ನೂರಾರು ಸಲ, ಹೋಗಲಿ, ಒಂದೆರಡು ಸಲ, ಅಂಥವನ ಮನೆಯ ಮಿಷನ್ನಿಗೆ, ಹೆಂಡತಿ ಹೋದ ಮೇಲೆ, ಕಾಲು ಬರುವುದೆಂದರೇನು. ಅವಳಿದ್ದಾಗ ಕಂಬದ ಹಾಗೆ ನಿಂತಿತ್ತು, ಭೂಕಂಪವಾದರೆ ಮನೆ ಬಿದ್ದೀತು ಇದು ಕದಲದು, ನನ್ನ ಕೈಯಾರೆ ಕೂರಿಸಿದ್ದು, ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ, ಅವಳು ಅಡುಗೆಮನೆಯ ಬಾಗಿಲಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು, ಹೌದು ರೀ, ನಿಮ್ ಕೈಯಲ್ವಾ, ಅದಕ್ಕೇ ಅಷ್ಟು ಹೇಳಿದ್ ಮಾತು ಕೇಳತ್ತೆ, ಅನ್ನುತ್ತಿದ್ದಳು, ಹೊಗಳಿಕೆ ಅಲ್ಲದೆ ಇನ್ನೇನು ಅದು, ನಗುತ್ತಿದ್ದಳು ನಿಜ, ಅವಳು ಎಲ್ಲದಕ್ಕೂ ನಗುತ್ತಿದ್ದಳು, ಆಸ್ಪತ್ರೆಯ ಮಂಚದ ಮೇಲೂ — ಬೇಡ, ಅದು ಈಗ ಬೇಡ. ನಡುಮನೆಯಲ್ಲಿ, ನನ್ನನ್ನು ನೋಡಲು ಬಂದ ಮಗಳು ಫೋನು ಹಿಡಿದು ಮಿಷನ್ನಿನ ಅಂಗಡಿಯವನ ಹತ್ತಿರ, ಹೌದು, ನಾಳೆ ಬೆಳಿಗ್ಗೆ ಹೊಸದು ತನ್ನಿ, ಹಳೇದನ್ನ ಎತ್ಕೊಂಡು ಹೋಗಿ, ಒಂದ್ನಿಮಿಷ ಇರಿ, ಅಪ್ಪಾ, ಹ್ಞೂಂ ಅನ್ಲಾ, ತಾಳು ಪುಟ್ಟಿ, ಸಂಜೆವರೆಗೂ ಟೈಮ್ ಕೊಟ್ಟಿದ್ದೀಯ, ಮಾತಿಗೆ ತಪ್ಪಬೇಡ, ನಿಂತ ಜಾಗದಲ್ಲಿ ನಿಂತು ಬಟ್ಟೆ ಹಿಂಡಿದರೆ ಇದು ಇಲ್ಲೇ ಇರುತ್ತದೆ, ಅದು ಒಪ್ಪಂದ, ಮಂಚ ಯಾರಿಗೋ ಕೊಟ್ಟಾಯಿತು, ಒಲೆ ಬದಲಾಯಿತು, ಹೆಂಡತಿಯ ಕೈ ದಿನವೂ ತಾಗಿದ್ದು ಎಂದು ಹೇಳಿಕೊಳ್ಳಲು ಮನೆಯಲ್ಲಿ ಇದೊಂದು ಉಳಿದಿದೆ, ಇದನ್ನೂ ಇಬ್ಬರು ಆಳುಗಳು ಬಂದು ಎತ್ತಿಕೊಂಡು ಹೋಗುವುದೇ, ನಾನು ನೋಡುತ್ತ ನಿಲ್ಲುವುದೇ. ಮಟ್ಟ ನೋಡಲು ರಸಮಟ್ಟ ಇಟ್ಟೆ, ಗುಳ್ಳೆ ನಟ್ಟನಡುವೆ, ಸ್ಪ್ರಿಂಗುಗಳು ಸರಿ, ಅದುರು ತಡೆಯುವ ಡ್ಯಾಂಪರುಗಳು ನಿನ್ನೆ ಹಾಕಿದ ಹೊಸವು, ಬೇರಿಂಗು ಬೆಣ್ಣೆ, ಹಿಂದಿನ ತಗಡು ಬಿಚ್ಚಿ ಟಾರ್ಚು ಹಿಡಿದೆ, ರೋಗವೇ ಇಲ್ಲದ ಒಡಲು, ಡಾಕ್ಟರೂ ಹಾಗೇ ಅಂದಿದ್ದ ಮೊದಮೊದಲು, ಎಲ್ಲ ಸರಿಯಿದೆ ಎಂದು — ಮಾಸಿದ ಜಾಗವನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕಿದೆ, ಹೋಗಲಿಲ್ಲ, ಸೋಪಲ್ಲ ಇದು, ಬಣ್ಣವೇ ಸವೆದು ಒಳಗಿನ ತಗಡು ನುಣ್ಣಗೆ ಹೊಳೆಯುತ್ತಿದೆ, ಆಗ ಫಳ್ಳನೆ ಹೊಳೆಯಿತು, ಬಟ್ಟೆ, ಎರಡು ಅಂಗಿ, ಒಂದು ಪ್ಯಾಂಟು, ಒಂದು ಟವೆಲ್ಲು, ಒಂಟಿ ಆಳಿನ ಬಟ್ಟೆ, ಸುತ್ತಲೂ ಹರಡಲು ಸಾಲದೆ ಒಂದೇ ಕಡೆ ಮುದ್ದೆಯಾಗುತ್ತದೆ, ತೂಕ ಒಂದು ಬದಿಗೆ ಬಿದ್ದರೆ ನಡೆಯದೆ ಏನು ಮಾಡೀತು, ಇಬ್ಬರ ಬಟ್ಟೆ ಇದ್ದರೆ ತಾನೇ ಸುಮ್ಮನಿರುವುದು, ಭಲೇ, ಇಷ್ಟು ಸೂಕ್ಷ್ಮ ಹಿಡಿಯುವವನು ಏಳು ಲೋಕದಲ್ಲಿ ಇನ್ನೊಬ್ಬ ಇದ್ದರೆ ತೋರಿಸಿ, ಬೀರು ತೆರೆದೆ, ಅವಳ ಸೀರೆಗಳು ಮಡಚಿಟ್ಟಂತೆಯೇ ಇವೆ, ಕೈ ಹಾಕಿದೆ, ಹಿಂದಕ್ಕೆ ತೆಗೆದೆ, ಒಗೆದರೆ ಉಳಿದಿರುವ ಇಷ್ಟು ವಾಸನೆಯೂ, ಬೇಡ, ಕಿಟಕಿಗಳ ಪರದೆ ಎಲ್ಲ ಕಿತ್ತು ತಂದು ತುರುಕಿದೆ, ಮನೆ ಬೆತ್ತಲೆಯಾಯಿತು, ಹೊಟ್ಟೆ ತುಂಬಿತೇನೋ, ಈಗ ನಡೆ ನೋಡೋಣ.

ನಡೆಯಿತು. ಮೊದಲಿಗಿಂತ ಜೋರಾಗಿ, ಪೈಪು ನಲ್ಲಿಯಿಂದ ಕಿತ್ತುಕೊಳ್ಳುವಷ್ಟು, ಎರಡೂ ಕೈಯಲ್ಲಿ ನಲ್ಲಿ ಹಿಡಿದೆ, ತಡೆಯಲು ಉಳಿದದ್ದು ಮೈಯೊಂದೇ, ಒತ್ತಿ ಒರಗಿದೆ, ನಡುಕ ಕಾಲಿನಿಂದ ಹತ್ತಿ ಹಲ್ಲಿನವರೆಗೆ ಬಂತು, ಆಮೇಲೆ ಇಳಿಯಿತು, ಮಿಷನ್ನು ನಿಂತಲ್ಲೇ ತಿರುಗುತ್ತಿದೆ, ಸಾಧು ಪ್ರಾಣಿಯ ಹಾಗೆ, ಪುಟ್ಟೀ, ಬಾ ಇಲ್ಲಿ, ಬಂದು ನೋಡು ನಿಮ್ಮಪ್ಪನ ಕೈಚಳಕ, ಮಗಳು ಬಾಗಿಲಿಗೆ ಬಂದಳು, ಅಂಗಡಿಯವನು ಮತ್ತೆ ಫೋನು ಮಾಡಿದ್ದ, ಫೋನು ಕಿವಿಯಿಂದ ಕೆಳಗಿಳಿಯಿತು, ಒರಗಿ ನಿಂತಿದ್ದೀಯಲ್ಲಪ್ಪ ಎಂದು ಹಂಗಿಸುತ್ತಾಳೆ ಅಂದುಕೊಂಡೆ, ಹಂಗಿಸಲಿಲ್ಲ, ಅಮ್ಮನೂ ಹೀಗೇ ನಿಲ್ತಿದ್ಲು ಅಪ್ಪ, ಅಂದಳು, ಹೇಗೆ, ಹೀಗೇ, ನೀನು ಕೆಲಸಕ್ಕೆ ಹೋದ್ಮೇಲೆ ಬಟ್ಟೆ ಹಾಕೋಳು, ಹಿಂಡೋಕೆ ಶುರುವಾದ್ರೆ ಓಡಿ ಬಂದು ಸೊಂಟ ಕೊಟ್ಟು ನಿಂತ್ಕೊಳ್ಳೋಳು, ಕಾಫಿ ಕುಡೀತಾ, ಇದು ಮೊದಲಿಂದ್ಲೂ ನಡೀತಿತ್ತಪ್ಪ, ಮೊದಲಿಂದ ಅಂದರೆ, ತಂದ ದಿನದಿಂದ, ಮತ್ತೆ ನನಗೆ ಯಾಕೆ ಒಬ್ಬರೂ ಹೇಳಲಿಲ್ಲ, ನಾನೊಬ್ಬ ಮೆಕ್ಯಾನಿಕ್ಕು ಮನೆಯಲ್ಲಿದ್ದೇನೆ, ಮಗಳು ಗೋಡೆ ನೋಡುತ್ತ, ನೀನು ಊರಿಗೆಲ್ಲ ಹೇಳ್ಕೊಂಡು ಬಂದಿದ್ಯಲ್ಲ, ನಾ ಕೂರಿಸಿದ್ದು ಕದಲಲ್ಲ ಅಂತ, ನಿಮ್ಮಪ್ಪಂಗೆ ಹೇಳ್ಬೇಡ ಕಣೇ, ಬೇಜಾರು ಮಾಡ್ಕೋತಾರೆ, ಅಂತಿದ್ಲು — ಮಗಳು ಫೋನಿಗೆ, ಬೇಡ, ಹೊಸದು ಬೇಡ, ಕಳಿಸ್ಬೇಡಿ, ಅನ್ನುವುದು ದೂರದಿಂದ ಕೇಳಿಸಿತು, ಹೋದಳು, ಮಿಷನ್ನು ತಿರುಗುತ್ತಲೇ ಇದೆ, ನಾನು ಕದಲುವಂತಿಲ್ಲ, ತಲೆ ಬಗ್ಗಿಸಿದರೆ ಬಲಗಡೆ ಮೇಲಂಚಿನಲ್ಲಿ ಅದು, ಅಂಗೈಯಗಲ, ನುಣ್ಣಗೆ, ನನ್ನ ಸೊಂಟಕ್ಕೆ ಬರುತ್ತಿಲ್ಲ, ತೊಡೆಗೆ ಬರುತ್ತದೆ, ಅವಳು ಕುಳ್ಳಿ, ನನ್ನ ಭುಜಕ್ಕೂ ಬರುತ್ತಿರಲಿಲ್ಲ, ಮೊಣಕಾಲು ಮಡಚಿದೆ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ತಗ್ಗಿದೆ, ಈಗ ಸೊಂಟಕ್ಕೆ ಸರಿಯಾಗಿ ಕೂತಿತು, ತಣ್ಣಗಿದೆ, ಬಣ್ಣ ಹೋದ ಆ ಅಂಗೈಯಗಲ ಜಾಗ