ಬೆನ್ನ ಮೇಲಿನ ಇಸ್ತ್ರಿ ಗುರುತು

ನಾನು ಒಂದು ಹಸಿರು ರಟ್ಟಿನ ಫೈಲು. ರೋಣದ ಪೇಟೆಯ ಬೈಂಡಿಂಗ್ ಅಂಗಡಿಯಲ್ಲಿ ರಟ್ಟು, ಅಂಟು, ಗೇಣುದ್ದ ಬಿಳಿ ಲಾಡಿ ಸೇರಿ ಹುಟ್ಟಿದೆ. ಯಾರಾದರೂ ವಕೀಲರ ಕಂಕುಳು ಸೇರುವೆನೆಂಬ ಜಂಬವಿತ್ತು. ಕೊಂಡವಳು ಇಸ್ತ್ರಿ ಅಂಗಡಿಯ ದ್ಯಾಮವ್ವ.

ಅವಳ ಮಗಳು ಸುನಂದಾಗೆ ಹುಟ್ಟಿನಿಂದಲೂ ಕಿವಿ ಕೇಳಿಸದು. ಊರ ಶಾಲೆಯಲ್ಲಿ ಎರಡು ವರ್ಷ ಕೂತರೂ ಒಂದಕ್ಷರ ಹತ್ತಲಿಲ್ಲ. ಟೀಚರ ಬಾಯಿ ನೋಡುವುದೊಂದೇ ಅವಳ ಓದು. ಜಿಲ್ಲೆಯಲ್ಲಿ ಕೈಸನ್ನೆಯಿಂದ ಕಲಿಸುವ ವಸತಿ ಶಾಲೆ ಇದೆಯೆಂದು ಇವರಿಗೆ ಯಾರೂ ಹೇಳಿರಲಿಲ್ಲ. ಹೊಸದಾಗಿ ಬಂದ ವಿಶೇಷ ಶಿಕ್ಷಕಿ ಹೇಳುವ ಹೊತ್ತಿಗೆ ಹುಡುಗಿಗೆ ಎಂಟು ತುಂಬುವುದಕ್ಕೆ ಎರಡೇ ತಿಂಗಳು ಉಳಿದಿತ್ತು. ಎಂಟು ತುಂಬಿದವರನ್ನು ಆ ಶಾಲೆ ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ.

ಆಸ್ಪತ್ರೆ, ಕಿವಿ ಪರೀಕ್ಷೆ, ಮತ್ತೆ ಆಸ್ಪತ್ರೆ. ಚೀಟಿ ನುಂಗಿ ನುಂಗಿ ನನ್ನ ಹೊಟ್ಟೆ ಉಬ್ಬಿತು. ಕೊನೆಗೂ ಶಾಲೆಗೆ ಬೇಕಾದ ಅಂಗವೈಕಲ್ಯದ ಪ್ರಮಾಣಪತ್ರ ಕೈಗೆ ಬಂತು. ಇಷ್ಟು ಕಷ್ಟದ ಕಾಗದ ಹಾಳಾಗಬಾರದೆಂದು ದ್ಯಾಮವ್ವನ ಗಂಡ ಕಲ್ಲಪ್ಪ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ತಂದ. ಅದರ ಹೊಳಪು ನೋಡಿ ನಾನೂ ಬೀಗಿದೆ, ದಡ್ಡ ರಟ್ಟು!

ಶಾಲೆಗೆ ಸೇರಿಸುವ ಕಡೆಯ ದಿನ. ಅಲ್ಲಿನ ಗುಮಾಸ್ತರು ಕಾಗದ ತಿರುಗಿಸಿ ನೋಡಿದರು.

"ಇದರ ಹಿಂದ ನಾವು ಬರದು ಸಿಕ್ಕಾ ಹೊಡೀಬೇಕವ್ವಾ. ಪ್ಲಾಸ್ಟಿಕ್ ಮ್ಯಾಲೆ ಮಸಿ ನಿಲ್ಲೂದಿಲ್ಲ. ಬ್ಯಾರೆ ಮಾಡಿಸ್ಕೊಂಡು ಬರ್ರಿ."

"ಅದಕ್ಕ ಮತ್ತ ತಿಂಗಳ ಬೇಕ್ರೀ ಸಾಹೇಬ್ರ!"

"ಐದಕ್ಕ ರಿಜಿಸ್ಟರ್ ಮುಚ್ಚತೀವಿ. ನಾ ಏನ್ ಮಾಡ್ಲಿ?"

ನಾಲ್ಕೂವರೆ ಆಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ನಂದ ತಪ್ಪು," ಎಂದು ಕಲ್ಲಪ್ಪ ಗೋಡೆಗೆ ಒರಗಿದ. ದ್ಯಾಮವ್ವ ಮಾತ್ರ ಅಂಗಳದಲ್ಲಿ ಒಣಗುತ್ತಿದ್ದ ಯೂನಿಫಾರ್ಮುಗಳನ್ನೇ ನೋಡುತ್ತಿದ್ದಳು.

"ಇಲ್ಲಿ ಇಸ್ತ್ರಿ ಪೆಟ್ಟಿಗಿ ಐತೇನ್ರೀ?"

ನನ್ನನ್ನು ಮೇಜಿನ ಮೇಲೆ ಬೋರಲು ಮಲಗಿಸಿದಳು. ಮೇಲೆ ಪ್ರಮಾಣಪತ್ರ, ಅದರ ಮೇಲೆ ಕರವಸ್ತ್ರ, ಅದರ ಮೇಲೆ ಕಾದ ಇಸ್ತ್ರಿ. ನನ್ನ ಬೆನ್ನು ಚುರುಗುಟ್ಟಿತು. ಬಿಸಿ ಆರುವ ಮೊದಲೇ ಹಿಂಬದಿಯ ಪ್ಲಾಸ್ಟಿಕ್ಕನ್ನು ಉಗುರಿನಿಂದ ಎತ್ತಿದಳು. ಅರ್ಧ ಬಂತು. ಡಾಕ್ಟರ ಸಹಿಯ ಹಿಂಭಾಗದಲ್ಲಿ ಕಾಗದ ಚರಕ್ಕೆಂದಿತು. ಅವಳ ಕೈ ನಿಂತಿತು. ಕಲ್ಲಪ್ಪ ಕಣ್ಣು ಮುಚ್ಚಿದ. ಸುನಂದಾ ನನ್ನ ಲಾಡಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಅವ್ವನ ಮುಖವನ್ನೇ ನೋಡುತ್ತಿದ್ದಳು. ಸುಟ್ಟರೆ ನಾನು ಸುಟ್ಟುಹೋಗಲಿ, ಕಾಗದವೊಂದು ಉಳಿಯಲಿ ಎಂದು ಬೇಡಿಕೊಂಡೆ. ದ್ಯಾಮವ್ವ ಇನ್ನೊಮ್ಮೆ ಇಸ್ತ್ರಿ ಇಟ್ಟು, ಮೆಲ್ಲಗೆ ಎಳೆದಳು. ಪ್ಲಾಸ್ಟಿಕ್ ಬಂತು, ಸಹಿ ಉಳಿಯಿತು.

ಐದಕ್ಕೆ ಏಳು ನಿಮಿಷ ಇರುವಾಗ ಕಾಗದದ ಬೆನ್ನಿಗೆ ಶಾಲೆಯ ಮೊಹರು, ಆ ಸಿಕ್ಕಾ, ಬಿತ್ತು. ಆ ಸದ್ದು ಸುನಂದಾಗೆ ಕೇಳಿಸಲಿಲ್ಲ. ಅವ್ವ ಅಳುವುದನ್ನು ಕಂಡು ಅವಳೂ ಅತ್ತಳು.

ಅದಾಗಿ ಹನ್ನೊಂದು ವರ್ಷ. ನನ್ನ ಅಂಚು ಸವೆದಿದೆ, ಬೆನ್ನ ಮೇಲೆ ಇಸ್ತ್ರಿಯ ಕಂದು ಗುರುತು ಹಾಗೇ ಇದೆ. ನಿನ್ನೆ ಅಂಗಡಿಗೆ ಒಬ್ಬ ತಾಯಿ ಬಂದಿದ್ದಳು, ಸೊಂಟದ ಮೇಲೆ ಕಿವಿ ಕೇಳದ ಕೂಸು. ಸುನಂದಾ ನನಗೆ ಹೊಸ ಲಾಡಿ ಹೊಲಿದು ಅವಳ ಕೈಗಿತ್ತಳು. ಕೊಡುವ ಮೊದಲು ನನ್ನ ಒಳಮೈ ಮೇಲೆ ದುಂಡಕ್ಷರದಲ್ಲಿ ಶಾಲೆಯ ವಿಳಾಸ ಬರೆದಳು. ಅದರ ಕೆಳಗೆ ಇನ್ನೊಂದು ಸಾಲು:

"ಲ್ಯಾಮಿನೇಷನ್ ಮಾಡಿಸಬೇಡಿ. ಬೇಗ ಹೋಗಿ."